ಆಶಾ, ಎಎನ್‌ಎಂ, ನರ್ಸ್‌ಗಳಿಗೆ ತರಬೇತಿ ಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಆಶಾ (ಊರಿನ ಆರೋಗ್ಯ ಕಾರ್ಯಕರ್ತೆ), ಎಎನ್‌ಎಂ (ಸಬ್ ಸೆಂಟರಿನ ಆರೋಗ್ಯ ಸಹಾಯಕಿ), ನರ್ಸ್‌ಗಳಿಗೆ ಹೊಸದಾಗಿ ತರಬೇತಿ ಕೊಡಲು ಹೊರಟವರಿಗಾಗಿ ಈ ಪುಟ. ನೀವು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ಇರಬಹುದು, ಹಿರಿಯ ಸ್ಟಾಫ್ ನರ್ಸ್ ಇರಬಹುದು, ಆಶಾ ಮೆಂಟರ್ ಇರಬಹುದು. ಆರ್ಡರ್ ಕೈಗೆ ಬಂದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಇರುತ್ತವೆ.

ವಿಷಯ ನನಗೆ ಚೆನ್ನಾಗಿ ಗೊತ್ತಿದೆ. ಕಲಿಸಲು ಇನ್ನೇನು ಬೇಕು?

ಎದುರಿಗೆ ಕೂತವರು ಯಾರು ಅಂತ ಗೊತ್ತಿರಬೇಕು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡು ಬಸ್ ಬದಲಿಸಿ ಬಂದಿರುತ್ತಾರೆ. ಅವರಲ್ಲಿ ಕೆಲವರು ನಿಮಗಿಂತ ಜಾಸ್ತಿ ಹೆರಿಗೆ ನೋಡಿದವರು. ಊರಲ್ಲಿ ಯಾರ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ, ಯಾರ ಗಂಡ ಪುಣೆಗೆ ದುಡಿಯಲು ಹೋಗಿದ್ದಾನೆ ಎಂಬುದು ಅವರಿಗೆ ಬಾಯಿಪಾಠ. ಅದು ನಿಮಗೆ ಗೊತ್ತಿಲ್ಲ, ಅಲ್ವಾ?

ದೊಡ್ಡವರ ಕಲಿಕೆ ಬಗ್ಗೆ ಅಮೆರಿಕದ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ ಹೇಳಿದ ಮಾತುಗಳನ್ನು ತರಬೇತಿ ಕ್ಷೇತ್ರದಲ್ಲಿ ಈಗಲೂ ನೆನೆಯುತ್ತಾರೆ. ಇದು ನನಗೆ ಯಾಕೆ ಬೇಕು ಅಂತ ಕಲಿಯುವವರಿಗೆ ಮೊದಲು ಗೊತ್ತಾಗಬೇಕು. ಅವರ ಅನುಭವಕ್ಕೆ ಬೆಲೆ ಸಿಗಬೇಕು. ಕಲಿತದ್ದು ನಾಳೆಯ ಕೆಲಸಕ್ಕೆ ಬರಬೇಕು. ಈ ಮೂರು ಸಿಗದಿದ್ದರೆ ಜನ ಸುಮ್ನೆ ಸಹಿ ಹಾಕಿ ಕೂತಿರುತ್ತಾರೆ. ಎದುರು ಮಾತಾಡುವುದಿಲ್ಲ, ಕಲಿಯುವುದೂ ಇಲ್ಲ.

ಎಲ್ಲಿಂದ ಶುರು ಮಾಡಬೇಕು? ಕೈಪಿಡಿಯ ಮೊದಲ ಪುಟದಿಂದಲೇ?

ಕೈಪಿಡಿ ಆಮೇಲೆ ತೆರೆಯಿರಿ. ಮೊದಲು ಒಂದು ಸಬ್ ಸೆಂಟರಿಗೆ ಹೋಗಿ, ಒಬ್ಬ ಆಶಾ ಜೊತೆ ನಾಲ್ಕು ಮನೆ ಸುತ್ತಿ. ಅವರು ಏನು ಮಾಡುತ್ತಾರೆ, ಎಲ್ಲಿ ತಡವರಿಸುತ್ತಾರೆ ನೋಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದು ಕಲಿಸಿದರೆ ಸರಿಹೋಗುವ ಸಮಸ್ಯೆಯೇ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂಬುದೇ ನಮ್ಮ ದೊಡ್ಡ ತಕರಾರು. ಥರ್ಮಾಮೀಟರ್‌ನ ಸೆಲ್ ಹೋಗಿರುತ್ತದೆ, ಕೂಸಿನ ಜ್ವರ ನೋಡುವುದು ನಿಂತಿರುತ್ತದೆ. ಅದಕ್ಕೆ ಜಿಲ್ಲಾ ಮಟ್ಟದಲ್ಲಿ ಒಂದು ದಿನದ ತರಬೇತಿ ಇಡುತ್ತಾರೆ. ಬೇಕಿದ್ದದ್ದು ಸೆಲ್! ಇನ್ನೊಂದು ಉದಾಹರಣೆ: ಭೇದಿಯಾದ ಮಗುವಿಗೆ ಝಿಂಕ್ ಮಾತ್ರೆ 14 ದಿನ ಕೊಡಬೇಕು. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 20. ಮೂರನೇ ದಿನ ಭೇದಿ ನಿಂತರೆ ತಾಯಿ ಮಾತ್ರೆಯನ್ನೂ ನಿಲ್ಲಿಸುತ್ತಾಳೆ. ಇಲ್ಲಿ ಆಶಾಗೆ ಡೋಸ್ ಗೊತ್ತಿರುತ್ತದೆ. ತಾಯಿಗೆ ಅದನ್ನು ಹೇಗೆ ಹೇಳಬೇಕು ಎಂಬುದು ಗೊತ್ತಿರುವುದಿಲ್ಲ. ಹಾಗಾದರೆ ಕಲಿಸಬೇಕಾದ್ದು ಡೋಸ್ ಅಲ್ಲ, ಮಾತಾಡುವ ರೀತಿ. ಸ್ಟಾಕ್ ಇಲ್ಲದಿದ್ದರೆ ಅದನ್ನು ತಾಲೂಕು ಆರೋಗ್ಯಾಧಿಕಾರಿಗೆ ಬರೆದು ತಿಳಿಸಿ. ತರಬೇತಿ ಹಾಲ್‌ನಲ್ಲಿ ಅದಕ್ಕೆ ಮದ್ದಿಲ್ಲ.

ತರಬೇತಿಯ ಗುರಿ ಹೇಗೆ ಬರೆಯಬೇಕು?

"ನವಜಾತ ಶಿಶು ಆರೈಕೆ ಬಗ್ಗೆ ಅರಿವು ಮೂಡಿಸುವುದು" ಅಂತ ಬರೆದರೆ ಅರಿವು ಮೂಡಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. "ಎರಡು ತಿಂಗಳ ಒಳಗಿನ ಕೂಸಿನ ಉಸಿರನ್ನು ಒಂದು ಪೂರ್ತಿ ನಿಮಿಷ ಎಣಿಸಿ, 60 ಅಥವಾ ಮೇಲೆ ಬಂದರೆ ಮತ್ತೊಮ್ಮೆ ಎಣಿಸಿ, ಎರಡನೇ ಸಲವೂ ಅಷ್ಟೇ ಬಂದರೆ ಆಸ್ಪತ್ರೆಗೆ ಕಳಿಸುತ್ತಾರೆ" ಅಂತ ಬರೆಯಿರಿ. ಈ ವಾಕ್ಯದಲ್ಲಿ ಏನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎರಡೂ ಇವೆ. ಒಂದು ದಿನಕ್ಕೆ ಇಂಥವು ಮೂರಿದ್ದರೆ ಹೆಚ್ಚು.

ಪಿಪಿಟಿ ಬೇಡವೇ?

ಫೋಟೋ, ವಿಡಿಯೋ ತೋರಿಸಲು ಇರಲಿ. ಓದಿ ಹೇಳಲು ಬೇಡ. ಕರೆಂಟ್ ಹೋದರೂ ನಡೆಯುವ ಹಾಗೆ ಕ್ಲಾಸ್ ತಯಾರು ಮಾಡಿಕೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಹೋಗೇ ಹೋಗುತ್ತದೆ.

ಒಂದು ಕೌಶಲ ಕಲಿಸುವ ಅವಧಿ ಹೇಗಿರಬೇಕು? ಉದಾಹರಣೆ ಕೊಡಿ.

ಉಸಿರು ಎಣಿಸುವುದನ್ನೇ ತೆಗೆದುಕೊಳ್ಳೋಣ. ನೋಡಲು ಸುಲಭ ಅನಿಸುತ್ತದೆ, ತಪ್ಪುವುದು ಜಾಸ್ತಿ.

ಮೊದಲು ಏನೂ ಹೇಳದೆ, ಮಲಗಿರುವ ಕೂಸಿನ ಒಂದು ನಿಮಿಷದ ವಿಡಿಯೋ ಹಾಕಿ. ಎಲ್ಲರೂ ಎಣಿಸಿ, ಚೀಟಿಯಲ್ಲಿ ಬರೆದು ಮಡಿಚಿ ಕೊಡಲಿ. ಹೆಸರು ಬೇಡ. ಚೀಟಿಗಳನ್ನು ಬೋರ್ಡ್ ಮೇಲೆ ಸಾಲಾಗಿ ಬರೆಯಿರಿ. 38, 44, 52, 61, 70 ಹೀಗೆ ಏನೇನೋ ಬಂದಿರುತ್ತದೆ. ಒಂದೇ ಕೂಸು, ಒಂದೇ ನಿಮಿಷ. ಹಾಲ್‌ನಲ್ಲಿ ಗುಸುಗುಸು ಏಳುತ್ತದೆ. "ಯಾಕೆ ಹೀಗಾಯ್ತು?" ಅಂತ ಕೇಳಿ. ಕಾರಣಗಳನ್ನು ಅವರೇ ಹೇಳುತ್ತಾರೆ. ಕೆಲವರು ಎದೆ ಏಳುವುದನ್ನೂ ಇಳಿಯುವುದನ್ನೂ ಬೇರೆ ಬೇರೆ ಎಣಿಸಿರುತ್ತಾರೆ. ಕೆಲವರು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿರುತ್ತಾರೆ. ಎಳೆಗೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ, ಅದಕ್ಕೇ ಅರ್ಧ ನಿಮಿಷದ ಲೆಕ್ಕ ನಡೆಯುವುದಿಲ್ಲ. ಇನ್ನು ಕೆಲವರಿಗೆ ಗಡಿಯಾರ ನೋಡುತ್ತಾ ಎದೆ ನೋಡಲು ಆಗಿರುವುದಿಲ್ಲ.

ಈಗ ನೀವು ಮಾತಿಲ್ಲದೆ ಒಮ್ಮೆ ಮಾಡಿ ತೋರಿಸಿ. ಬಟ್ಟೆ ಮೇಲಕ್ಕೆ ಸರಿಸಿ, ಹೊಟ್ಟೆ-ಎದೆ ಕಾಣುವ ಹಾಗೆ ಕೂತು, ಮೊಬೈಲ್‌ನಲ್ಲಿ ಟೈಮರ್ ಇಟ್ಟು. ಎರಡನೇ ಸಲ ಒಂದೊಂದು ಹೆಜ್ಜೆ ವಿವರಿಸುತ್ತಾ ಮಾಡಿ. ಮೂರನೇ ಸಲ ಅವರು ಹೆಜ್ಜೆ ಹೇಳಲಿ, ನೀವು ಹಾಗೇ ಮಾಡಿ. ನಾಲ್ಕನೇ ಸಲ ಅವರೇ ಹೇಳುತ್ತಾ ಅವರೇ ಮಾಡಲಿ. ಇದಕ್ಕೆ ಪೇಟನ್ ವಿಧಾನ ಅನ್ನುತ್ತಾರೆ. ಮೂರನೇ ಹೆಜ್ಜೆಯನ್ನು ಬಿಡಬೇಡಿ. ಯಾರಿಗೆ ಎಲ್ಲಿ ಗೊಂದಲ ಇದೆ ಅಂತ ಅಲ್ಲೇ ಗೊತ್ತಾಗುವುದು.

ಕೂಸು ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ಎರಡು ತಿಂಗಳ ಒಳಗೆ 60, ಎರಡು ತಿಂಗಳಿಂದ ಒಂದು ವರ್ಷದ ಒಳಗೆ 50, ಒಂದರಿಂದ ಐದು ವರ್ಷದ ಒಳಗೆ 40. ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಜೋರು ಉಸಿರು. ಸಂಖ್ಯೆಗಳನ್ನು ಕೊನೆಗೆ ಹೇಳಿ. ಎಣಿಸಲು ಬಾರದವರಿಗೆ ಮೊದಲೇ ಸಂಖ್ಯೆ ಕೊಟ್ಟರೆ ಆ ಸಂಖ್ಯೆಯನ್ನೇ ಬರೆಯುತ್ತಾರೆ!

ಆಮೇಲೆ ಹತ್ತಿರದ ಅಂಗನವಾಡಿಗೋ ಪಿಎಚ್‌ಸಿ ವಾರ್ಡಿಗೋ ಹೋಗಿ, ತಾಯಂದಿರ ಒಪ್ಪಿಗೆ ಕೇಳಿ, ನಿಜವಾದ ಮಕ್ಕಳ ಉಸಿರು ಎಣಿಸಿಸಿ. ಇಬ್ಬಿಬ್ಬರು ಒಟ್ಟಿಗೆ ಎಣಿಸಿ ತಾಳೆ ನೋಡಲಿ. ಇಷ್ಟಕ್ಕೆ ಅರ್ಧ ದಿನ ಹೋಗುತ್ತದೆ. ಹೋಗಲಿ.

ಗೊಂಬೆ, ಸಾಮಾನು ಏನೂ ಇಲ್ಲ. ಏನು ಮಾಡಲಿ?

ಸುಮಾರು ಕೆಲಸ ಮನೆ ಸಾಮಾನಲ್ಲೇ ಆಗುತ್ತದೆ. ತೂಕದ ಜೋಳಿಗೆ ಕಲಿಸಲು ಒಂದು ಕೆಜಿ ಸಕ್ಕರೆ ಪ್ಯಾಕೆಟ್‌ಗಳು ಸಾಕು. ಮುಳ್ಳು ಸರಿ ತೋರಿಸುತ್ತಿದೆಯೇ ಅಂತಲೂ ಗೊತ್ತಾಗುತ್ತದೆ. ಎರಡೂವರೆ ಕೆಜಿಗಿಂತ ಕಡಿಮೆ ಅಂದರೆ ಕೈಯಲ್ಲಿ ಹೇಗಿರುತ್ತದೆ ಅಂತ ಎತ್ತಿ ನೋಡಲಿ.

ಓಆರ್‌ಎಸ್‌ಗೆ ಒಂದು ಉಪಾಯ: ಬರುವಾಗ ಎಲ್ಲರೂ ಮನೆಯ ತಂಬಿಗೆ ತರಲು ಹೇಳಿ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯಿಂದ ಅಳೆದು ಸುರಿಯಿರಿ. ಒಬ್ಬರ ತಂಬಿಗೆ ತುಂಬಿ ಹರಿಯುತ್ತದೆ, ಇನ್ನೊಬ್ಬರದು ಕಂಠದವರೆಗೂ ಬರುವುದಿಲ್ಲ. "ಒಂದು ಪ್ಯಾಕೆಟ್‌ಗೆ ಒಂದು ತಂಬಿಗೆ ನೀರು" ಅಂತ ಊರಲ್ಲಿ ಹೇಳುತ್ತಾ ಬಂದವರು ಆ ದಿನದಿಂದ ಹಾಗೆ ಹೇಳುವುದಿಲ್ಲ.

ಆದರೆ ಹುಟ್ಟಿದ ಕೂಸಿಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡುವುದನ್ನು ಆಟದ ಗೊಂಬೆ ಮೇಲೆ ಕಲಿಸಬೇಡಿ. ಎದೆ ಏಳುವುದು ಕಾಣದಿದ್ದರೆ ಮಾಸ್ಕ್ ಸರಿ ಕೂತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೆ ತಕ್ಕ ಮ್ಯಾನಿಕಿನ್ (ತರಬೇತಿಗೆಂದೇ ಮಾಡಿದ ಗೊಂಬೆ) ಬೇಕೇ ಬೇಕು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಪತ್ರ ಬರೆದು ಮಕ್ಕಳ ವಿಭಾಗವನ್ನೋ ನರ್ಸಿಂಗ್ ವಿಭಾಗವನ್ನೋ ಮುಂಚೆಯೇ ಕೇಳಿ.

ಎಲ್ಲರಿಗೂ ಒಂದೇ ಕನ್ನಡ ಅರ್ಥವಾಗುತ್ತದೆಯೇ?

ಇಲ್ಲ. ಬೀದರ್ ಶಹರದಲ್ಲಿ ಉರ್ದು ಮಾತಾಡುವವರು ಬಹಳ. ಔರಾದ್, ಕಮಲನಗರ, ಭಾಲ್ಕಿ ಕಡೆ ಮರಾಠಿ. ಸೇಡಂ, ಗುರುಮಠಕಲ್ ಗಡಿಯಲ್ಲಿ ತೆಲುಗು. ಚಿಂಚೋಳಿಯ ಕುಂಚಾವರಂ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಆಶಾಗೆ ಕನ್ನಡ ಬಂದರೂ ಅವಳು ಮನೆಯಲ್ಲಿ ಆಡಬೇಕಾದ ಮಾತು ಬೇರೆ ಭಾಷೆಯದು. ಹಾಗಾಗಿ ಪಾಠ ಕನ್ನಡದಲ್ಲಿರಲಿ, ಅಭ್ಯಾಸ ಅವರವರ ಭಾಷೆಯಲ್ಲಿರಲಿ. ಒಂದೇ ಭಾಷೆಯವರನ್ನು ಮೂರು ಮೂರು ಜನ ಕೂರಿಸಿ, ತಾಯಿಗೆ ಹೇಳುವ ಮಾತನ್ನು ಆ ಭಾಷೆಯಲ್ಲೇ ಹೇಳಿಸಿ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಕೇಳುವ ಆ ಇಬ್ಬರು ತಿದ್ದುತ್ತಾರೆ.

ಬೆಂಗಳೂರಿನಲ್ಲಿ ತಯಾರಾದ ಕೈಪಿಡಿಯ "ಶ್ವಾಸಕೋಶದ ಸೋಂಕು", "ಎದೆಗೂಡಿನ ಸೆಳೆತ" ಇಂಥ ಮಾತುಗಳನ್ನು ಓದಿ ಬಿಡಬೇಡಿ. "ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ?" ಅಂತ ಕೇಳಿ, ಬಂದ ಪದಗಳನ್ನು ಬೋರ್ಡ್ ಮೇಲೆ ಬರೆಯಿರಿ.

ಓದು ಬರಹ ನಿಧಾನ ಇರುವವರೂ ಇರುತ್ತಾರೆ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ. ಅದೊಂದು ಸಲ ಆದರೆ ಆಕೆ ಉಳಿದ ದಿನಗಳಲ್ಲಿ ಹಿಂದಿನ ಸಾಲಿನಿಂದ ಮುಂದೆ ಬರುವುದಿಲ್ಲ. ಫಾರಂ ತುಂಬುವುದನ್ನು ಜೋಡಿಯಾಗಿ ಮಾಡಿಸಿ.

"ಇದೆಲ್ಲ ನಮಗ ಗೊತ್ತದ" ಅನ್ನುವ ಹಿರಿಯರನ್ನು ಹೇಗೆ ನಿಭಾಯಿಸುವುದು?

"ಇಪ್ಪತ್ತು ವರ್ಷ ಆಯ್ತ್ರಿ ಸರ್ವಿಸ್, ಇನ್ನೇನ್ ಕಲಸ್ತೀರಿ ನಮಗ?" ಅಂತ ನೇರವಾಗಿಯೇ ಕೇಳುವ ಎಎನ್‌ಎಂ ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ವಾದ ಮಾಡಬೇಡಿ. "ಹೌದ್ರಿ ಅಕ್ಕಾರೆ, ನಿಮ್ಮ ಅನುಭವ ನಮಗ ಬೇಕು. ನೀವು ಮಾಡೋದನ್ನ ಇವರಿಗೆ ಒಮ್ಮೆ ತೋರಸ್ರಿ" ಅನ್ನಿ. ಅವರು ಸರಿಯಾಗಿ ಮಾಡಿದರೆ ನಿಮಗೆ ಒಬ್ಬ ಸಹಾಯಕಿ ಸಿಕ್ಕಳು. ಒಂದು ಹೆಜ್ಜೆ ತಪ್ಪಿದರೆ "ತಪ್ಪು" ಅನ್ನಬೇಡಿ. ಚೆಕ್‌ಲಿಸ್ಟ್ ಅವರ ಕೈಗೇ ಕೊಡಿ, ನಿಮ್ಮ ಕೆಲಸಕ್ಕೆ ಅವರು ಟಿಕ್ ಹಾಕಲಿ. ತಾವು ಬಿಟ್ಟ ಹೆಜ್ಜೆ ಅವರಿಗೇ ಕಣ್ಣಿಗೆ ಬೀಳುತ್ತದೆ. ಮರ್ಯಾದೆಯೂ ಉಳಿಯಿತು, ಕೆಲಸವೂ ಆಯಿತು.

ಕೆಲವು ಸಲ ಅವರು ಕಲಿತ ಕಾಲದಲ್ಲಿ ಸರಿ ಇದ್ದದ್ದೇ ಈಗ ಬದಲಾಗಿರುತ್ತದೆ. ಹೊಕ್ಕುಳಬಳ್ಳಿಯನ್ನು ಮೊದಲು ಕೂಡಲೇ ಕತ್ತರಿಸುತ್ತಿದ್ದರು. ಈಗ ಕೂಸು ಚೆನ್ನಾಗಿದ್ದರೆ ಒಂದರಿಂದ ಮೂರು ನಿಮಿಷ ಕಾಯುತ್ತಾರೆ, ಕೂಸಿನ ಮೈಗೆ ರಕ್ತ ಸೇರಲಿ ಅಂತ. "ನೀವು ಕಲಿತದ್ದು ಆಗಿನ ಪದ್ಧತಿ, ಈಗ ಹೀಗೆ ಬದಲಾಗಿದೆ, ಕಾರಣ ಇದು" ಅಂತ ಹೇಳಿದರೆ ಒಪ್ಪುತ್ತಾರೆ.

ಕಿರಿಯರ ಮುಂದೆ ಹಿರಿಯರನ್ನು ಗದರಿದರೆ ಮಾತ್ರ ಇಡೀ ಬ್ಯಾಚ್ ನಿಮ್ಮ ಕೈ ಬಿಟ್ಟಂತೆ.

ತರಬೇತಿ ಎಷ್ಟು ದಿನ, ಯಾವಾಗ ಇಡಬೇಕು?

ಒಂದೇ ಸಲ ಹತ್ತು ದಿನ ಕೂರಿಸುವುದಕ್ಕಿಂತ ಬಿಡಿಸಿ ಇಡುವುದು ಒಳ್ಳೆಯದು. ಆಶಾಗಳ 6 ಮತ್ತು 7ನೇ ಮಾಡ್ಯೂಲ್ ನೋಡಿ. ಒಟ್ಟು 20 ದಿನ, ಐದೈದು ದಿನದ ನಾಲ್ಕು ಸುತ್ತು. ಒಂದು ಸುತ್ತು ಕಲಿತು, ಊರಲ್ಲಿ ಮಾಡಿ ನೋಡಿ, ಬಂದ ತೊಂದರೆ ಹೊತ್ತುಕೊಂಡು ಮುಂದಿನ ಸುತ್ತಿಗೆ ಬರಲಿ ಎಂಬುದೇ ಆ ಲೆಕ್ಕ. ಖರ್ಚು ಉಳಿಸಲು ಸುತ್ತುಗಳನ್ನು ಜೋಡಿಸಿದರೆ ಆ ಲೆಕ್ಕವೇ ಹೋಯಿತು.

ದಿನ ಗೊತ್ತು ಮಾಡುವಾಗ ಊರಿನ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಗುರುವಾರ ಲಸಿಕೆ ದಿನ, ಬೇಡ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಇರುತ್ತದೆ, ಅದೂ ಬೇಡ. ಮುಂಗಾರು ಬಿತ್ತನೆ, ಡಿಸೆಂಬರ್-ಜನವರಿಯ ತೊಗರಿ ರಾಶಿ ಹೊತ್ತಿನಲ್ಲಿ ಹೊಲ ಇರುವ ಮನೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಹೋಳಿ ಆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ. ರಂಜಾನ್ ಉಪವಾಸದ ತಿಂಗಳಲ್ಲಿ ಇಟ್ಟರೆ ಮಧ್ಯಾಹ್ನದ ನಂತರ ಪ್ರಾಕ್ಟಿಕಲ್ ಬೇಡ. ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಿಮ್ಮ ಕ್ಲಾಸೂ ಹಾಗೇ ಇರಲಿ. ತಗಡಿನ ಶೀಟಿನ ಹಾಲ್‌ನಲ್ಲಿ ಮೂರು ಗಂಟೆ ಬಿಸಿಲಿಗೆ ಯಾರ ತಲೆಗೂ ಏನೂ ಇಳಿಯುವುದಿಲ್ಲ.

ಸಂಜೆಯ ಕೊನೆ ಬಸ್ ಎಷ್ಟಕ್ಕೆ ಅಂತ ಮೊದಲ ದಿನವೇ ಕೇಳಿ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಚಿಂತೆ ಇಲ್ಲ, ಆದರೆ ಹಳ್ಳಿ ಬಸ್ ತಪ್ಪಿದರೆ ತಪ್ಪಿತು. ನಾಲ್ಕಕ್ಕೆ ಬಿಡಬೇಕಾದರೆ ನಾಲ್ಕಕ್ಕೇ ಬಿಡಿ. ಎಳೆಗೂಸು ಇರುವ ತಾಯಂದಿರಿಗೆ ಪಕ್ಕದಲ್ಲಿ ಒಂದು ಕೋಣೆ ಕೊಡಿ. ಎದೆಹಾಲಿನ ಪಾಠ ಮಾಡುತ್ತಾ ಅವರಿಗೆ ಹಾಲು ಕುಡಿಸಲು ಜಾಗ ಕೊಡದಿದ್ದರೆ ಚೆನ್ನಾಗಿರುತ್ತದೆಯೇ?

ರೋಲ್ ಪ್ಲೇ ಮಾಡಿಸಿದರೆ ನಗುತ್ತಾರೆ, ಸುಮ್ನೆ ನಾಟಕ ಆಗುತ್ತದೆ. ಬೇಕೇ?

ಬೇಕು. ಆದರೆ ಸುಲಭದ ಪಾತ್ರ ಕೊಟ್ಟರೆ ನಾಟಕವೇ ಆಗುವುದು. ಹೇಳಿದ್ದಕ್ಕೆಲ್ಲ ಹೂಂ ಅನ್ನುವ ತಾಯಿ ಯಾವ ಊರಲ್ಲಿದ್ದಾಳೆ? ಜೋರು ಬಾಯಿಯ ಒಬ್ಬರನ್ನು ಅತ್ತೆ ಮಾಡಿ. ಹುಟ್ಟಿದ ಕೂಸಿಗೆ ಔಡಲೆಣ್ಣೆ ಹಾಕಲು ಹೊರಟ ಅತ್ತೆ.

"ನಮ್ಮ ಕಾಲದಾಗ ಎಲ್ಲಾ ಕೂಸಿಗೂ ಹಾಕೀವಿ, ಏನ್ ಆಗ್ಯದ?"

ಹೆಚ್ಚಿನವರು ಇಲ್ಲಿ "ಹಾಕಬಾರದ್ರಿ, ಡಾಕ್ಟರ್ ಹೇಳ್ಯಾರ" ಅಂದುಬಿಡುತ್ತಾರೆ. ಜಗಳ ಶುರು. ಅಲ್ಲೇ ನಿಲ್ಲಿಸಿ, ಉಳಿದವರನ್ನು ಕೇಳಿ: ಇವರ ಜಾಗದಲ್ಲಿ ನೀವಿದ್ದರೆ? ಒಳ್ಳೆಯ ಉತ್ತರ ಅವರಲ್ಲೇ ಯಾರಿಂದಲೋ ಬರುತ್ತದೆ. "ಹೊಟ್ಟಿ ಸ್ವಚ್ಛ ಆಗ್ಲಿ ಅಂತ ಹಾಕ್ತೀರಲ್ರೀ ಅಮ್ಮಾ? ಮೊದಲಿನ ಹಳದಿ ಹಾಲು ಕುಡಿಸಿದ್ರ ಆ ಕೆಲಸ ಅದೇ ಮಾಡ್ತದ. ನೀವೇ ಮುಂದ ನಿಂತು ಕುಡಸ್ರಿ." ಅತ್ತೆಯ ಕಾಳಜಿಯನ್ನು ಒಪ್ಪಿಕೊಂಡು, ಅವಳಿಗೇ ಕೆಲಸ ಕೊಟ್ಟದ್ದು ಇಲ್ಲಿನ ಜಾಣತನ. ಆಮೇಲೆ ಪಾತ್ರ ಬದಲಿಸಿ ಇನ್ನೊಮ್ಮೆ ಆಡಿಸಿ. ಎರಡನೇ ಸಲದಲ್ಲೇ ಕಲಿಕೆ ಆಗುವುದು. ಟೈಮ್ ಇಲ್ಲ ಅಂತ ಬಹಳಷ್ಟು ಜನ ಅದನ್ನೇ ಬಿಡುತ್ತಾರೆ.

ಲೇಬರ್ ರೂಮ್ ನರ್ಸ್‌ಗಳಿಗೆ ಬೇರೆ ರೀತಿ ಬೇಕೇ?

ಹೌದು. ಅವರನ್ನು ಹಾಲ್‌ಗೆ ಕರೆಯುವುದಕ್ಕಿಂತ ನೀವೇ ಲೇಬರ್ ರೂಮಿಗೆ ಹೋಗಿ. ಅವರದೇ ಟೇಬಲ್, ಅವರದೇ ಟ್ರೇ, ಅವರದೇ ತಂಡ. ಹೆರಿಗೆ ಇಲ್ಲದ ಹೊತ್ತು ನೋಡಿ ಡ್ರಿಲ್ ಮಾಡಿಸಿ. ಕೂಸು ಹುಟ್ಟಿ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಕೊಡಬೇಕು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಡ್ರಿಲ್‌ನಲ್ಲಿ ನೋಡಿದರೆ ಇಂಜೆಕ್ಷನ್ ಫ್ರಿಜ್‌ನಲ್ಲಿರುತ್ತದೆ, ಫ್ರಿಜ್ ಪಕ್ಕದ ರೂಮಿನಲ್ಲಿರುತ್ತದೆ, ಬೀಗದ ಕೈ ಇನ್ನೊಬ್ಬರ ಹತ್ತಿರ. ಇದು ಯಾವ ಪಾಠದಲ್ಲೂ ಸಿಗದ ಮಾಹಿತಿ.

ರಕ್ತಸ್ರಾವದ ಅಂದಾಜು ಕಲಿಸಲು ಕೆಂಪು ಬಣ್ಣ ಕಲಸಿದ ನೀರು ತನ್ನಿ. ಅರ್ಧ ಲೀಟರ್ ಅಳೆದು ಹತ್ತಿ ಬಟ್ಟೆ, ಪ್ಯಾಡ್ ಮೇಲೆ ಸುರಿದು, ಎಷ್ಟಿದೆ ಅಂತ ಅವರನ್ನು ಕೇಳಿ. ಸಾಮಾನ್ಯವಾಗಿ ಕಡಿಮೆ ಹೇಳುತ್ತಾರೆ. 500 ಮಿಲಿಲೀಟರ್ ಬಟ್ಟೆಯ ಮೇಲೆ ಹೇಗೆ ಕಾಣುತ್ತದೆ ಎಂಬುದು ಒಮ್ಮೆ ಕಣ್ಣಿಗೆ ಕೂತರೆ, ಮುಂದಿನ ಸಲ ಡಾಕ್ಟರಿಗೆ ಫೋನ್ ಬೇಗ ಹೋಗುತ್ತದೆ.

ಡ್ರಿಲ್ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ. ಏನು ಚೆನ್ನಾಗಿ ಆಯಿತು, ಎಲ್ಲಿ ತಡವಾಯಿತು, ನಾಳೆ ಏನು ಬದಲಿಸೋಣ. ಯಾರದ್ದು ತಪ್ಪು ಎಂಬ ಪ್ರಶ್ನೆ ಆ ಹತ್ತು ನಿಮಿಷದಲ್ಲಿ ಬರಬಾರದು. ಬಂದರೆ ಮುಂದಿನ ಡ್ರಿಲ್‌ಗೆ ಅರ್ಧ ಜನ ರಜೆ.

ಪ್ರಿ ಟೆಸ್ಟ್, ಪೋಸ್ಟ್ ಟೆಸ್ಟ್ ಅಂಕ ಸಾಕಲ್ವಾ?

ಫೈಲಿಗೆ ಸಾಕು. 1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಕೀಯ ಶಿಕ್ಷಕ ಒಂದು ನಾಲ್ಕು ಮೆಟ್ಟಿಲಿನ ಲೆಕ್ಕ ಕೊಟ್ಟರು: ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸುತ್ತಾರೆ, ಕೆಲಸದಲ್ಲಿ ನಿಜವಾಗಿ ಮಾಡುತ್ತಾರೆ. ಟಿಕ್ ಹಾಕುವ ಪ್ರಶ್ನೆಪತ್ರಿಕೆ ಮೊದಲ ಎರಡರಲ್ಲೇ ನಿಲ್ಲುತ್ತದೆ. ಮೂರನೆಯದಕ್ಕೆ ಆಸ್ಕಿ (OSCE, ಟೇಬಲಿನಿಂದ ಟೇಬಲಿಗೆ ಹೋಗಿ ಕೌಶಲ ಮಾಡಿ ತೋರಿಸುವ ಪರೀಕ್ಷೆ) ಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲಿ ಬರೆದು ತಿಳಿಸಿದ ಪರೀಕ್ಷೆ ಅದು. ನಾಲ್ಕು ಟೇಬಲ್ ಹಾಕಿ: ಒಂದರಲ್ಲಿ ಕೈ ತೊಳೆಯುವುದು, ಒಂದರಲ್ಲಿ ತೂಕ, ಒಂದರಲ್ಲಿ ಉಸಿರು ಎಣಿಕೆ, ಒಂದರಲ್ಲಿ ತಾಯಿಯ ಜೊತೆ ಮಾತು. ಐದೈದು ನಿಮಿಷ. ಪ್ರತಿ ಟೇಬಲಿಗೆ ಒಂದು ಚೆಕ್‌ಲಿಸ್ಟ್. ಪಿಎಚ್‌ಸಿ ವರಾಂಡದಲ್ಲೇ ಆಗುತ್ತದೆ.

ನಾಲ್ಕನೇ ಮೆಟ್ಟಿಲು ಊರಲ್ಲೇ ನೋಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸಿನ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೋಗಬೇಕು. ಆ ಆರರಲ್ಲಿ ಒಂದು ಭೇಟಿಗೆ ನೀವೋ ಆಶಾ ಸುಗಮಕಾರರೋ (ಆಶಾಗಳಿಗೆ ಮಾರ್ಗದರ್ಶನ ಮಾಡುವವರು) ಜೊತೆಗೆ ಹೋಗಿ, ಬಾಯಿ ಮುಚ್ಚಿಕೊಂಡು ನೋಡಿ. ಹೊರಗೆ ಬಂದ ಮೇಲೆ ಮಾತಾಡಿ. ಮನೆಯವರ ಮುಂದೆ ತಿದ್ದಿದರೆ ಆ ಓಣಿಯಲ್ಲಿ ಆಕೆಯ ಮಾತಿಗೆ ಬೆಲೆ ಉಳಿಯುವುದಿಲ್ಲ.

ಮೂರು ತಿಂಗಳಲ್ಲಿ ಮರೆತುಬಿಡುತ್ತಾರೆ. ಮತ್ತೆ ಕರೆಸಬೇಕೇ?

ಎಲ್ಲರೂ ಮರೆಯುತ್ತಾರೆ, ನಾವೂ ಸೇರಿ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಕಲಿತ ಹೊಸದರಲ್ಲೇ ಮರೆವು ಜಾಸ್ತಿ. ನಡುನಡುವೆ ನೆನಪು ಮಾಡಿಕೊಂಡರೆ ಉಳಿಯುತ್ತದೆ. ಪಿಎಚ್‌ಸಿಯ ತಿಂಗಳ ಆಶಾ ಸಭೆ ಹೇಗೂ ಇರುತ್ತದೆ. ಅದರಲ್ಲಿ ವರದಿ ಕೇಳುವ ಮೊದಲು ಇಪ್ಪತ್ತು ನಿಮಿಷ ಒಂದು ಕೌಶಲಕ್ಕೆ ಕೊಡಿ. ವರದಿ ಆದ ಮೇಲೆ ಅಂದರೆ ಆಗುವುದಿಲ್ಲ, ಎಲ್ಲರೂ ಚಪ್ಪಲಿ ಹುಡುಕುತ್ತಿರುತ್ತಾರೆ. ಲೇಬರ್ ರೂಮಿನಲ್ಲಿ ಒಂದು ಮೂಲೆಯಲ್ಲಿ ಮ್ಯಾನಿಕಿನ್ ಮತ್ತು ಬ್ಯಾಗ್ ಇಟ್ಟು, ಡ್ಯೂಟಿಗೆ ಬಂದವರು ಎರಡು ನಿಮಿಷ ಅಭ್ಯಾಸ ಮಾಡಲಿ. ಹೊಸದಾಗಿ ಒಂದು ದಿನ ಕರೆಸುವುದಕ್ಕಿಂತ ಇದು ಅಗ್ಗ.

ವಾಟ್ಸಾಪ್ ಗ್ರೂಪ್, ಆನ್‌ಲೈನ್ ಕ್ಲಾಸ್?

ನೆನಪು ಮಾಡಿಸಲು ಒಳ್ಳೆಯದು. ಎರಡು ನಿಮಿಷದ ವಿಡಿಯೋ, ವಾರಕ್ಕೊಂದು ಪ್ರಶ್ನೆ, ಅಷ್ಟು ಸಾಕು. ಕೈಯಿಂದ ಮಾಡುವ ಕೆಲಸ ಅದರಲ್ಲಿ ಬರುವುದಿಲ್ಲ. ರೋಗಿಯ ಫೋಟೋ, ಹೆಸರು, ತಾಯಿ ಕಾರ್ಡ್ ಗ್ರೂಪಿಗೆ ಹಾಕಬಾರದು ಅಂತ ಮೊದಲ ಮೆಸೇಜ್‌ನಲ್ಲೇ ಬರೆಯಿರಿ.

ಊಟ, ಟಿಎ (ಪ್ರಯಾಣ ಭತ್ಯೆ) ಬಗ್ಗೆ ನಾನು ತಲೆ ಕೆಡಿಸಿಕೊಳ್ಳಬೇಕೇ?

ಕೆಡಿಸಿಕೊಳ್ಳಿ. ಬರಬೇಕಾದ ಹಣ ಯಾವಾಗ ಬರುತ್ತದೆ ಅಂತ ಮೊದಲ ಗಂಟೆಯಲ್ಲೇ ಸ್ಪಷ್ಟವಾಗಿ ಹೇಳಿದರೆ, ಆ ದಿನವೆಲ್ಲ ಅದೇ ಗುನುಗು ಇರುವುದಿಲ್ಲ. ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿಸಿದ ದಿನ ಮಧ್ಯಾಹ್ನದ ಕ್ಲಾಸಿಗೆ ಹಾಜರಿ ತುಂಬಿರುತ್ತದೆ.

ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ?

"ಕೇಳಿ ನಾಳೆ ಹೇಳುತ್ತೇನೆ" ಅನ್ನಿ. ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಮರುದಿನ ಮೊದಲು ಅದಕ್ಕೇ ಉತ್ತರ ಕೊಡಿ. ಔಷಧದ ಡೋಸ್ ವಿಷಯದಲ್ಲಿ ಅಂದಾಜು ಮಾತು ಬೇಡವೇ ಬೇಡ.

ರೋಗಿಗಳಿಗೆ, ಮನೆಯವರಿಗೆ ತಿಳಿಸುವಾಗಲೂ ಇದೇ ರೀತಿಯೇ?

ಅವರೂ ದೊಡ್ಡವರೇ ತಾನೇ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು "ಮನೆಗೆ ಹೋಗಿ ನಿಮ್ಮ ಯಜಮಾನರಿಗೆ ಈ ಗುಳಿಗಿ ಬಗ್ಗೆ ಏನ್ ಹೇಳ್ತೀರಿ, ನನಗೊಮ್ಮೆ ಹೇಳ್ರಿ" ಅನ್ನಲು ಕಲಿಸಿ. ಬಿಪಿ ಗುಳಿಗೆಯನ್ನು ತಲೆನೋವು ಬಂದಾಗ ಮಾತ್ರ ತಗೊಳ್ಳುತ್ತೇನೆ ಅಂತ ಅವರು ಹೇಳಿದರೆ, ನಾವು ಹೇಳಿದ ರೀತಿ ಸರಿಯಾಗಿಲ್ಲ ಅಂತ ಲೆಕ್ಕ. ಇನ್ನೊಮ್ಮೆ ಬೇರೆ ರೀತಿ ಹೇಳಬೇಕು, ಮತ್ತೆ ಅವರ ಬಾಯಿಂದ ಕೇಳಬೇಕು. ಸಿಎಚ್‌ಒಗಳ (ಸಮುದಾಯ ಆರೋಗ್ಯ ಅಧಿಕಾರಿಗಳ) ತರಬೇತಿಯಲ್ಲಿ ಇದಕ್ಕೇ ಬೇರೆಯಾಗಿ ಒಂದು ಗಂಟೆ ಇಡಿ. ಓಪಿಡಿಯಲ್ಲಿ ಸಾಲು ಉದ್ದ ಇದ್ದಾಗ ಎಲ್ಲರಿಗೂ ಮಾಡಲು ಆಗುವುದಿಲ್ಲ ಎಂಬ ಮಾತು ಬಂದೇ ಬರುತ್ತದೆ. ಹೊಸ ಗುಳಿಗೆ ಶುರುವಾದವರಿಗೆ, ಡೋಸ್ ಬದಲಾದವರಿಗೆ ಮಾತ್ರ ಮಾಡಿದರೂ ಸಾಕು.